ಕೊಳವೆಯ ಬಾಯಿಗೆ ಹಚ್ಚಿದ ವಿಭೂತಿ

ಉಮರಗಾದ ನಮ್ಮ ಮನೆಯಲ್ಲಿ ಹೊಸ ವಸ್ತು ಏನು ಬಂದರೂ ಮೊದಲು ವಿಭೂತಿ. ತಕ್ಕಡಿಗೆ, ಹೊಲಿಗೆ ಮಶೀನಿಗೆ, ಕಾಳಿನ ಅಂಗಡಿಯ ಹೊಸ ಕೀಲಿಗೂ ಮೂರು ಗೆರೆ. ಹೀಗಾಗಿ ಮುಂಬಯಿಯಲ್ಲಿ ನಮ್ಮ ಮನೆಯವರು ನೋಡಿಕೊಳ್ಳುವ ಯಂತ್ರಕ್ಕೆ ಇನ್ನೂ ಉದ್ದದ ಕೊಳವೆ ಕೂಡಿಸುತ್ತಾರೆಂದು ತಿಳಿದಾಗ ಅತ್ತೆ ಮಗನಿಗೆ ಒಂದು ವಿಭೂತಿ ಗಟ್ಟಿ ಕಟ್ಟಿಕೊಟ್ಟರು.

“ಹಚ್ಚದ ಚಾಲೂ ಮಾಡಬ್ಯಾಡಪಾ.”

“ಹೂಂ, ಯವ್ವಾ.”

ಅದು ಆಕ್ಸೆಲರೇಟರ್. ಗಾಳಿಯೆಲ್ಲ ಹೀರಿ ತೆಗೆದ ಕೊಳವೆಯೊಳಗೆ ಕಣ್ಣಿಗೆ ಕಾಣದ ಕಣಗಳನ್ನು ಕರೆಂಟಿನಿಂದ ದಬ್ಬಿ ಓಡಿಸುವ ಯಂತ್ರ. ಒಮ್ಮೆ ಕೆಡುವುದು, ಒಮ್ಮೆ ದೊಡ್ಡದಾಗುವುದು, ಅಂತೂ ಇವರಿಗೆ ರಜೆ ಇಲ್ಲ.

“ವೈನಿ, ನಿನ್ನ ಸವತಿ ಭಾಳ ಜೋರದಾಳ ನೋಡು! ಅಣ್ಣಗ ಹಬ್ಬಕ್ಕೂ ಬಿಡವಲ್ಲಳು” ಅಂತ ನಾದಿನಿ ಚಾಷ್ಟಿ ಮಾಡುತ್ತಿದ್ದಳು.

ನಾನೂ ನಗುತ್ತಿದ್ದೆ. ಪೂರ್ ಥಿಂಗ್, ಅವಳಿಗೇನು ಗೊತ್ತು? ನನ್ನ ಹೊಟ್ಟೆಕಿಚ್ಚು ಯಂತ್ರದ ಮೇಲಲ್ಲ, ಗಂಡನ ಮೇಲೆ. ಹೈದರಾಬಾದಿನ ಕಾನ್ವೆಂಟಿನಲ್ಲಿ ಫಿಸಿಕ್ಸ್ ಪ್ರೈಜ್ ಬಂದದ್ದು ನನಗೆ. ಪೊಲೀಸ್ ಆ್ಯಕ್ಷನ್ ಆದ ಮೇಲೆ ಅಪ್ಪ ನನ್ನನ್ನು ಉದಗೀರಿಗೆ ಕರೆತಂದು, ಸಾಲಿ ಸಾಕು ಅಂದು ಮದುವೆ ಮಾಡಿದರು. ನಾನು ಮೊರದಲ್ಲಿ ಜೋಳ ಹಸನು ಮಾಡುವಾಗ ಇವರ ಕೈ ಆ ಕೊಳವೆಯೊಳಗೆ ಇರುತ್ತಿತ್ತಲ್ಲ! ಊರಿಗೆ ಬಂದಾಗ ಆ ಕೈಗೆ ನೀರು ಹಾಕುತ್ತಲೇ ನನಗೆ ಉರಿಯುತ್ತಿತ್ತು.

ಆ ಸಲ ಇವರು ಮುಖ ಸಣ್ಣದು ಮಾಡಿಕೊಂಡು ಬಂದರು. ಊಟಕ್ಕೆ ಕೂತಾಗ ಅಂದರು, “ಹೊಸಾ ಕೊಳವಿ ಕೂಡಿಸೇವಿ, ವ್ಯಾಕ್ಯೂಮ್ ಬರವಲ್ತು. ಎಲ್ಲಿಂದೋ ಗಾಳಿ ಒಳಗ ನುಗ್ಗಲತ್ತದ.”

“ಅತ್ತಿಯವರ ವಿಭೂತಿ ಎಲ್ಲಿ ಹಚ್ಚಿದ್ರಿ?”

“ಕೊಳವಿ ಬಾಯಿಗೆ. ಮುಚ್ಚಳಾ ಕೂಡಿಸೋ ಮೊದಲ ಮೂರು ಬೆರಳಲೆ ಗೆರಿ ಎಳದೆ. ಯಾಕ?”

“ರಬ್ಬರ್ ರಿಂಗ್ ಕೂಡ್ತದಲ್ಲ, ಅಲ್ಲೇ ಏನ್ರೀ?”

ಇವರು ಬಾಯಿಗೆ ಒಯ್ದ ತುತ್ತು ಅಲ್ಲೇ ನಿಂತಿತು. ನಮ್ಮ ಲ್ಯಾಬಿನಲ್ಲಿ ಗಾಜಿನ ಜಾರಿನೊಳಗೆ ಗಂಟೆ ಇಟ್ಟು ಗಾಳಿ ತೆಗೆದರೆ ಅದರ ಸದ್ದು ಅಡಗುತ್ತಿತ್ತು. ಅಂಚಿಗೆ ಒಂದು ಕೂದಲು ಸಿಕ್ಕರೂ ಗಂಟೆ ಕೇಳಿಸುತ್ತದೆ ಗರ್ಲ್ಸ್, ಅನ್ನುತ್ತಿದ್ದರು ನಮ್ಮ ಸಿಸ್ಟರ್. ಅದನ್ನೇ ಹೇಳಿದೆ: ರಿಂಗಿನ ಕೆಳಗೆ ವಿಭೂತಿಯ ಪುಡಿ ಸಿಕ್ಕು ಸಂದು ಬಿಟ್ಟಿರಬೇಕು.

ಇವರು ಹಣೆ ಬಡಿದುಕೊಂಡು ನಕ್ಕರು. “ನೀ ಅಲ್ಲಿ ಇರಬೇಕಾಗಿತ್ತು ನೋಡು!”

ಎಷ್ಟು ಸಲೀಸಾಗಿ ಅಂದುಬಿಟ್ಟರು!

“ಹಂಗಾರ ಕರ್ಕೊಂಡು ಹೋಗ್ರಿ. ಒಮ್ಮಿ ಆ ಯಂತ್ರ ಕಣ್ಣಲೆ ನೋಡ್ತೀನಿ.”

ಅತ್ತೆಯ ಮುಂದೆ ಆ ವಿಭೂತಿಯ ಸುದ್ದಿ ನಾವಿಬ್ಬರೂ ಎತ್ತಲಿಲ್ಲ. ಅವರು ಹೊಸ ಗಟ್ಟಿ ಈ ಸಲ ನನ್ನ ಕೈಗೇ ಕೊಟ್ಟರು: “ಅಂವಾ ಮರೀತಾನ. ನೀನೇ ಹಚ್ಚವ್ವಾ.” ಸೊಲ್ಲಾಪುರದ ತನಕ ಬಸ್ಸು, ಮುಂದೆ ರೈಲು. ದಾರಿಯುದ್ದಕ್ಕೂ ಆ ಗಟ್ಟಿ ನನ್ನ ಪರ್ಸಿನಲ್ಲಿ, ಪೌಡರ್ ಡಬ್ಬಿಯ ಬಾಜೂಕ್ಕೆ.

ಯಂತ್ರದ ಕೋಣೆಯ ಬಾಗಿಲಲ್ಲಿ ದೊಡ್ಡ ಸಾಹೇಬರು ನಮ್ರವಾಗಿಯೇ ಅಂದರು, “ಸಾರಿ ಮ್ಯಾಡಮ್, ಹೊರಗಿನವರಿಗೆ ಪರವಾನಗಿ ಇಲ್ಲ.” ಇವರು ಒಂದೆರಡು ಮಾತು ಹೇಳಿ ನೋಡಿದರು. ಆಮೇಲೆ ನನ್ನ ಮುಖ ನೋಡದೆ ಒಳಗೆ ಹೋದರು. ನಾನು ಬೆಂಚಿನ ಮೇಲೆ ಕೂತೆ. ಬಾಗಿಲು ಮುಚ್ಚಿತು. ಆ ಬಾಗಿಲಿನಷ್ಟು ಯಾವ ಹೆಣ್ಣನ್ನೂ ನಾನು ದ್ವೇಷಿಸಿಲ್ಲ.

ಒಳಗೆ ಕೊಳವೆಯ ಬಾಯಿ ಬಿಚ್ಚಿದರು, ಒರೆಸಿದರು, ಗ್ರೀಸು ಸವರಿ ಮುಚ್ಚಿದರು ಅಂತ ಕಾಣುತ್ತದೆ. ಬಹಳ ಹೊತ್ತಿನ ಮೇಲೆ ಪಂಪು ಶುರುವಾಯಿತು. ಮೊದಲು ಹುಕ್ಕಾದ ಹಾಗೆ ಗುಳುಗುಳು. ಬರಬರುತ್ತ ಆ ಗುಳುಗುಳು ಕಡಿಮೆಯಾಗಿ, ಕಡೆಗೆ ಒಣ ಸದ್ದು ಉಳಿಯಿತು, ಟಕ್ ಟಕ್ ಟಕ್. ಇನ್ನು ಹೀರಲು ಗಾಳಿ ಉಳಿದಿಲ್ಲ. ನಾನು ಎದ್ದು, ಬಾಗಿಲ ಚೌಕಟ್ಟಿಗೆ ಮೂರು ಗೆರೆ ಎಳೆದೆ.

ಇವರು ಓಡುತ್ತ ಹೊರಬಂದರು. “ವ್ಯಾಕ್ಯೂಮ್ ಬಂತು!”

“ಗೊತ್ತದ” ಅಂದೆ.

ಅವರ ಕೈಗೆ ಗ್ರೀಸು ಹತ್ತಿತ್ತು. ನನ್ನ ಕೈಗೆ ಬರೀ ವಿಭೂತಿ.