ಕವುಚಿಟ್ಟ ಪತ್ರ

ನಮ್ಮ ಚಿಕ್ಕಮ್ಮನನ್ನು ಕ್ಲಿನಿಕ್ಕಿಗೆ ಬರುವವರೆಲ್ಲ ಚೀಟಿಯಮ್ಮ ಅಂತಲೇ ಕರೆಯುತ್ತಾರೆ. ಇಪ್ಪತ್ತೆಂಟು ವರ್ಷದಿಂದ ಒಂದೇ ಕೌಂಟರಿನ ಹಿಂದೆ ಕೂತು ಟೋಕನ್ ಚೀಟಿ ಕೊಡುವವಳು. ಜಗಳಗಂಟರನ್ನು ಕಣ್ಣಲ್ಲೇ ಕೂರಿಸುತ್ತಾಳೆ. ನಾನು ಹಿಂದಿನ ಕೋಣೆಯಲ್ಲಿ ಎಕ್ಸ್-ರೇ ತೆಗೆಯುವವಳು. ಆ ಕೆಲಸ ಕೊಡಿಸಿದವಳೂ ಅವಳೇ, ದಿನಕ್ಕೆರಡು ಸಲ ಅದನ್ನು ನೆನಪಿಸುವವಳೂ ಅವಳೇ.

ಶ್ವಾಸಕೋಶದ ಕ್ಯಾನ್ಸರ್ ಇರಬಹುದು ಅನ್ನಿಸಿದರೆ ನಮ್ಮ ಡಾಕ್ಟರು ದೊಡ್ಡಾಸ್ಪತ್ರೆಗೆ ಪತ್ರ ಬರೆದು, ಅದರ ತಲೆಯ ಮೇಲೆ ‘ತುರ್ತು’ ಅಂತ ಕೆಂಪು ಶಾಯಿಯಲ್ಲಿ ಗೀಚುತ್ತಾರೆ. ಅದು ಅವತ್ತೇ ಹೋಗಬೇಕು. ಎರಡು ವಾರದೊಳಗೆ ಅಲ್ಲಿಯವರು ರೋಗಿಯನ್ನು ನೋಡಬೇಕು. ಆದರೆ ಕೌಂಟರಿಗೆ ಒರಗಿ ನಿಲ್ಲುವ ಜನಕ್ಕೆ ಬೇರೆಯವರ ಕಾಗದ ಓದುವ ಚಟ. ಅದಕ್ಕೇ ಚಿಕ್ಕಮ್ಮ ಕೆಂಪು ಶಾಯಿಯ ಪತ್ರಗಳನ್ನು ಕವುಚಿಡುತ್ತಿದ್ದಳು. ‘ಮನೆಯವರಿಗೆ ಗೊತ್ತಾಗೋ ಮುಂಚೆ ಬೀದಿಗೆ ಗೊತ್ತಾಗೋದು ಬೇಡ’ ಅನ್ನುತ್ತಿದ್ದಳು. ಒಳ್ಳೆಯ ಮನಸ್ಸಿನಿಂದ ಮಾಡಿದ್ದೇ. ಕೆಟ್ಟದ್ದೂ ಅದರಿಂದಲೇ.

ಬೀಗ ರಿಪೇರಿಯವನ ಎಕ್ಸ್-ರೇ ತೆಗೆದವಳು ನಾನು. ಐವತ್ತು ದಾಟಿದ ಆಸಾಮಿ. ಮೂರು ತಿಂಗಳಿಂದ ಕೆಮ್ಮು, ಆದರೂ ಬಾಯಿ ಸುಮ್ಮನಿರದು. ‘ಎದೆಯೊಳಗೆ ಬೀಗ ಏನಾದ್ರೂ ಬಿದ್ದಿದ್ರೆ ಹೇಳಮ್ಮ, ನಾನೇ ತೆಗೀತೀನಿ’ ಅಂದಿದ್ದ. ಬಲಗಡೆ ಮೇಲ್ಭಾಗದಲ್ಲಿ ನಿಂಬೆಹಣ್ಣಿನಷ್ಟು ನೆರಳು ಕಂಡಾಗ ಫಿಲ್ಮನ್ನು ನಾನೇ ಡಾಕ್ಟರ ಮೇಜಿಗೆ ಒಯ್ದು ಕೊಟ್ಟೆ. ಡಾಕ್ಟರು ಅವನಿಗೆ ‘ಇನ್ನೊಂದು ಪರೀಕ್ಷೆ ಆಗಬೇಕು, ಅಲ್ಲಿಂದ ಫೋನ್ ಬರುತ್ತೆ’ ಅಂತಷ್ಟೇ ಹೇಳಿ, ಪತ್ರ ಬರೆದು ಕೌಂಟರಿಗೆ ಕಳಿಸಿದರು.

ಇಪ್ಪತ್ತಾರು ದಿನ ಕಳೆದ ಮೇಲೆ ಅವನು ಮತ್ತೆ ಬಂದ. ಅಂಗಿಯ ಕಾಲರು ಕತ್ತಿಗೆ ದೊಡ್ಡದಾಗಿತ್ತು.

‘ಫೋನ್ ಬರಲೇ ಇಲ್ಲ ಚೀಟಿಯಮ್ಮ. ಏನೂ ಇಲ್ಲ ಅಂತ ತಾನೇ?’

ಚಿಕ್ಕಮ್ಮ ರಿಜಿಸ್ಟರ್ ತೆಗೆದಳು. ಕಳಿಸಿದ ಪತ್ರಗಳಲ್ಲಿ ಅವನ ಹೆಸರಿರಲಿಲ್ಲ. ಎರಡು ಡ್ರಾಯರ್ ಬುಡಮೇಲು ಮಾಡಿದಳು. ಕೊನೆಗೆ ಹಳೆಯ ಟೋಕನ್ ಪಟ್ಟಿಗಳನ್ನು ಚುಚ್ಚಿಡುವ ಕಂಬಿಯಿಂದ ಒಂದೊಂದೇ ಹಾಳೆ ಬಿಡಿಸಿದಳು. ಪತ್ರ ಅಲ್ಲಿತ್ತು. ಕವುಚಿಟ್ಟ ಕಾಗದದ ಬೆನ್ನು ಖಾಲಿ ಹಾಳೆಯ ಹಾಗೇ ಕಾಣುತ್ತದಲ್ಲ. ಜನ ಗಿಜಿಗುಟ್ಟುತ್ತಿದ್ದ ಆ ದಿನ ಅದರ ಮೇಲೇ ಟೋಕನ್ ಪಟ್ಟಿ ಬರೆದು, ಸಂಜೆ ಕಂಬಿಗೆ ಚುಚ್ಚಿ ಮನೆಗೆ ಹೋಗಿದ್ದಳು.

ಅವಳು ಮುಚ್ಚಿಡಲಿಲ್ಲ, ನೇರ ಡಾಕ್ಟರ ಮುಂದೆ ಹೋಗಿ ನಿಂತಳು. ಅವರು ದೊಡ್ಡಾಸ್ಪತ್ರೆಗೆ ಫೋನ್ ಮಾಡಿ ಮರುದಿನವೇ ನೋಡುವಂತೆ ಒಪ್ಪಿಸಿ, ಅದೇ ಪತ್ರವನ್ನು ಅವನ ಕೈಗೆ ಕೊಡಿಸಿದರು. ತಡವಾದದ್ದು ಯಾಕೆ ಅಂತ ಮಾತ್ರ ಅವನಿಗೆ ಯಾರೂ ಹೇಳಲಿಲ್ಲ. ಡಾಕ್ಟರು ‘ಈಗ ಬೇಡ’ ಅಂದರು. ಚಿಕ್ಕಮ್ಮ ಕಳಿಸಿದ ಪತ್ರಗಳ ರಿಜಿಸ್ಟರಿನಲ್ಲಿ ಅವನ ಹೆಸರು ಬರೆದಳು.

ಐದು ತಿಂಗಳಿಗೆ ಅವನು ತೀರಿಕೊಂಡ. ಮೊದಲೇ ಬಂದಿದ್ದರೂ ಹೆಚ್ಚೇನೂ ಬದಲಾಗುತ್ತಿರಲಿಕ್ಕಿಲ್ಲ ಅಂತ ದೊಡ್ಡಾಸ್ಪತ್ರೆಯವರು ಅಂದರಂತೆ. ‘ಇರಲಿಕ್ಕಿಲ್ಲ’ ಅನ್ನುವ ಮಾತು ಇಟ್ಟುಕೊಂಡು ಯಾರಿಗಾದರೂ ಅನ್ನ ಗಂಟಲಲ್ಲಿ ಇಳಿಯುತ್ತದಾ? ಚಿಕ್ಕಮ್ಮ ಸೊರಗಿಹೋದಳು. ಮಧ್ಯಾಹ್ನ ರೋಗಿಗಳು ಕಾಯುವ ಹಾಲ್ ಖಾಲಿಯಾದಾಗ ಬೆಂಚಿನ ಕಡೆಯಿಂದ ಅವನ ಕೆಮ್ಮು ಕೇಳಿಸುತ್ತದೆ ಅನ್ನತೊಡಗಿದಳು.

‘ಮೊದಲು ಎರಡು ಸಣ್ಣದು, ಆಮೇಲೆ ಒಂದು ಉದ್ದದ್ದು. ನಿಂಗೆ ಕೇಳಿಸಲ್ವಾ?’

ತಲೆ ಕೆಟ್ಟಿದೆಯಾ ಅಂತ ಗದರಿದೆ. ಗದರಿದ ನಾನೂ ಆ ಹೊತ್ತಿನಲ್ಲಿ ಬೆಂಚಿನ ಕಡೆ ನೋಡುತ್ತಿರಲಿಲ್ಲ ಅನ್ನುವುದು ಬೇರೆ ಮಾತು.

‘ಅವನ ಹೆಂಡತಿಗೆ ಹೇಳದೆ ಇದು ನಿಲ್ಲಲ್ಲ ಕಣೆ’ ಅಂದಳು. ಹೇಳಲೆಂದು ಮೂರು ಸಲ ಅವರ ಬೀದಿಯ ತಿರುವಿನವರೆಗೆ ಹೋದಳು, ಮೂರು ಸಲವೂ ತಿರುಗಿ ಬಂದಳು.

ಕೊನೆಗೆ ಆಕೆಯೇ ಬಂದಳು. ಯಾವುದೋ ಕಚೇರಿಗೆ ಗಂಡನ ಹಳೆಯ ಕಾಗದಗಳ ನಕಲು ಬೇಕಾಗಿತ್ತು. ನಾನು ಪಕ್ಕದಲ್ಲೇ ಇದ್ದೆ. ಚಿಕ್ಕಮ್ಮ ನಕಲು ಕೊಟ್ಟು, ಕೌಂಟರಿನ ಅಂಚು ಹಿಡಿದುಕೊಂಡು ಎಲ್ಲ ಹೇಳಿದಳು. ಕವುಚಿಟ್ಟದ್ದು, ಬರೆದದ್ದು, ಚುಚ್ಚಿದ್ದು, ಯಾವುದನ್ನೂ ಬಿಡಲಿಲ್ಲ.

ಆಕೆ ಸಮಾಧಾನದಿಂದ ಕೇಳಿಸಿಕೊಂಡಳು.

‘ಗೊತ್ತಿತ್ತು ಅಕ್ಕ. ಪತ್ರದಲ್ಲಿ ತಾರೀಖಿತ್ತಲ್ಲ, ಹಿಂದೆ ನಿಮ್ಮ ಅಕ್ಷರ ಇತ್ತಲ್ಲ. ಆಸ್ಪತ್ರೆಗೆ ಹೋಗೋವಾಗ ಬಸ್ಸಲ್ಲೇ ಇಬ್ರೂ ನೋಡಿದ್ವಿ. “ಪಾಪ, ಬೇಕಂತ ಮಾಡಿರಲ್ಲ, ನೀನು ಏನೂ ಕೇಳ್ಬೇಡ” ಅಂತ ನನ್ನಿಂದ ಮಾತು ತಗೊಂಡ್ರು. ಅದಕ್ಕೇ ಸುಮ್ನಿದ್ದೆ.’

ಚಿಕ್ಕಮ್ಮನ ಕಣ್ಣು ತುಂಬಿತು. ಆಕೆಯ ಕೈ ಹಿಡಿಯಲು ಹೋದಳು. ಆಕೆ ಕೈ ಹಿಂದಕ್ಕೆಳೆದುಕೊಂಡಳು.

‘ಈಗ ನೀವೇ ಮಾತು ತೆಗೆದ್ರಲ್ಲ, ಅದಕ್ಕೆ ಹೇಳ್ತೀನಿ. ಅವರು ಕ್ಷಮಿಸಿದ್ರು. ನಾನು ಕ್ಷಮಿಸಿಲ್ಲ.’

ನಕಲುಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಹೋದಳು. ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ ಅನ್ನುವವರನ್ನು ನಾನು ಅವತ್ತಿನಿಂದ ನಂಬುವುದಿಲ್ಲ. ಚಿಕ್ಕಮ್ಮ ಟೋಕನ್ ಪಟ್ಟಿಯನ್ನು ನನ್ನ ಕಡೆ ಸರಿಸಿದಳು. ಮುಂದಿನ ನಂಬರು ನಾನೇ ಕೂಗಿದೆ.