ಬ್ಯಾಟರಿ ಭಂಡಾರಿ

ಸ್ಪರ್ಧೆಗೆಂದು ನಾವು ಕಟ್ಟಿದ, ಬುಟ್ಟಿಗೆ ಚೆಂಡೆಸೆಯುವ ರೋಬೋಟಿನ ಬ್ಯಾಟರಿ ನೋಡಿಕೊಳ್ಳುವವನಿಗೆ ನಾವಿಟ್ಟ ಹೆಸರು ಭಂಡಾರಿ. ಎಂಜಲು ಕೈಯಲ್ಲಿ ಕಾಗೆ ಓಡಿಸದವರೂ ಇವನ ಮುಂದೆ ದಾನಶೂರರು. ಅಭ್ಯಾಸದಲ್ಲಿ ಮೋಟರ್ ವೇಗ ಹಿಡಿಯುವ ಮೊದಲೇ ‘ಸಾಕು ಸಾಕು, ಬ್ಯಾಟರಿ ಇಳೀತಿದೆ’ ಎಂದು ಕಿರುಚುತ್ತಾನೆ. ಚೆಂಡು ಬುಟ್ಟಿ ಮುಟ್ಟದೆ ನಮ್ಮ ಕಾಲ ಬುಡದಲ್ಲೇ ಬೀಳುತ್ತದೆ. ಪ್ರತಿ ಎಸೆತಕ್ಕೂ ಜ್ವರದ ಮಗುವಿನ ಹಣೆ ಮುಟ್ಟಿದಂತೆ ಮೋಟರ್ ಮುಟ್ಟಿ ನಿಟ್ಟುಸಿರಿಡುತ್ತಾನೆ. ಪೂರ್ತಿ ಚಾರ್ಜಾದ ಇನ್ನೊಂದು ಬ್ಯಾಟರಿ ಸದಾ ಟವೆಲಿನಲ್ಲಿ ಸುತ್ತಿ ಇವನ ಬಗಲಲ್ಲಿ. ಕೇಳಿದರೆ, ‘ಅದು ಫೈನಲ್‌ಗೆ ಕಣ್ರೋ!’ ಫೈನಲ್ ದಿನ, ಇನ್ನೇನು ಆಟ ಶುರುವಾಗಬೇಕು, ಎದುರು ತಂಡದ ರೋಬೋಟ್ ಚಾರ್ಜಿಲ್ಲದೆ ನಿಂತೇಹೋಯಿತು. ಗೆದ್ದೆವು ಎಂದು ನಾವು ಕುಣಿಯುತ್ತಿದ್ದರೆ, ಈ ಪುಣ್ಯಾತ್ಮ ಟವೆಲ್ ಬಿಚ್ಚಿ ಆ ಬ್ಯಾಟರಿಯನ್ನು ಅವರಿಗೇ ಕೊಟ್ಟುಬಿಟ್ಟ! ಸೋತು ಬಂದು ಕೊರಳಪಟ್ಟಿ ಹಿಡಿದರೆ, ‘ಪಾಪ, ಬಾಯಲ್ಲಿ ಚೆಂಡು ಇಟ್ಕೊಂಡೇ ನಿಂತ್ಬಿಟ್ಟಿತ್ತು ಕಣ್ರೋ, ನೋಡೋಕಾಗ್ಲಿಲ್ಲ’ ಅಂದ.