ಸಂಡೂರು ರಸ್ತೆಯಲ್ಲಿ ಹುಲಿಗೆವ್ವ ಕರೆದಳು

ನಾನು ನಾಟಕದವನು. ಇಪ್ಪತ್ತು ವರ್ಷ ಕಂಪನಿ ನಾಟಕಗಳಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸಿದ್ದೇನೆ, ಮೀಸೆ ಅಂಟಿಸಿಕೊಂಡು ಖಳನಾಯಕನ ಪಾರ್ಟು ಮಾಡಿದ್ದೇನೆ. ಸುಳ್ಳನ್ನು ನಿಜದ ಹಾಗೆ ಹೇಳಿ ಚಪ್ಪಾಳೆ ಗಿಟ್ಟಿಸುವುದೇ ನನ್ನ ಕಸುಬಾಗಿತ್ತು. ಹಾಗಾಗಿ ಸುಳ್ಳು ಹೇಗಿರುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಈಗ ಹೇಳುತ್ತಿರುವುದು ಅದಲ್ಲ. ನಂಬದಿದ್ದರೆ ಬಿಡಿ... ಆದರೆ ನನ್ನ ಎದುರು ನಿಂತು ‘ಭ್ರಮೆ’ ಅನ್ನಬೇಡಿ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟೆ. ಕಂಪನಿ ಮುಚ್ಚಿದ ಮೇಲೆ ಹೊಸಪೇಟೆಯ ಒಂದು ಸಣ್ಣ ವಾರಪತ್ರಿಕೆಗೆ ಬರೆಯತೊಡಗಿದೆ. ಕಾಗುಣಿತ ಬೇರೆಯವರು ತಿದ್ದುತ್ತಿದ್ದರು, ನಿಜ. ಆದರೆ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಸುದ್ದಿ ಕೇಳಿ ಬರೆದವನು ನಾನಲ್ಲ. ಬೀದಿಯಲ್ಲಿ ಮಲಗುವವರ ಬಗ್ಗೆ ಬರೆಯಲು ಹೊರಟಾಗ ಮೂರು ತಿಂಗಳು ಅವರ ಜೊತೆಯೇ ಕೂತೆ. ಬಸ್ ಸ್ಟ್ಯಾಂಡಿನ ಹಿಂದೆ, ಬಾಗಿಲು ಹಾಕಿದ ಗೋದಾಮಿನ ಕಟ್ಟೆಯ ಮೇಲೆ ಆರು ಜನ ಮಲಗುತ್ತಿದ್ದರು.

ಅವರಲ್ಲಿ ಹಿರಿಯಳು ಹುಲಿಗೆವ್ವ. ಸಂಡೂರಿನ ಗಣಿಯಲ್ಲಿ ಅದಿರು ಒಡೆದು ಒಡೆದು ಎದೆ ಕೆಡಿಸಿಕೊಂಡವಳು. ಒಂದು ಮಾತಾಡಿದರೆ ಹತ್ತು ಸಲ ಕೆಮ್ಮುತ್ತಿದ್ದಳು. ಮೊದಲ ದಿನ ನಾನು ಯಾರೆಂದು ಹೇಳಿ ನೋಟ್‌ಬುಕ್ ತೆಗೆದಾಗ ನಕ್ಕುಬಿಟ್ಟಳು.

“ನಾಟಕದಾಗ ಬಣ್ಣ ಹಚ್ಚಿದ್ದು ಸಾಲ್ಲಿಲ್ಲೇನಪಾ ಮಾಸ್ತರ, ಈಗ ನಮಗ ಹಚ್ಚಾಕ ಬಂದೀ?”

“ಬಣ್ಣ ಅಲ್ಲಬೇ, ಇದ್ದದ್ದು ಬರಕೋತೀನಿ.”

“ಇದ್ದದ್ದು ಏನೈತಿ ಇಲ್ಲಿ? ಸೊಳ್ಳಿ ಅದಾವ. ಬರಕೋ.”

ಪೇಟಿ ಬಾರಿಸುವವನು ಮುಖ ಮರೆಯಬಹುದು, ದನಿ ಮರೆಯುವುದಿಲ್ಲ. ಯಾರ ದನಿ ಪೇಟಿಯ ಮೇಲೆ ಬೆರಳಿಡುವ ಯಾವ ಪಟ್ಟಿಗೆ ಕೂಡುತ್ತದೆ ಅನ್ನುವುದರಿಂದಲೇ ನಾವು ಜನರನ್ನು ಗುರುತಿಟ್ಟುಕೊಳ್ಳುವುದು. ಹುಲಿಗೆವ್ವನದು ಐದನೇ ಕಪ್ಪು ಪಟ್ಟಿ. “ಪೇಟಿ ಮಾಸ್ತರಾ...” ಅಂತ ಎಳೆದು ಕರೆಯುವಾಗ ಕೊನೆಗೆ ದನಿ ಸ್ವಲ್ಪ ಒಡೆಯುತ್ತಿತ್ತು. ಹಿಂದೆಯೇ ಕೆಮ್ಮು.

ಮೂರು ತಿಂಗಳು ತುಂಬುವ ವಾರ ಯಾರೋ ದೊಡ್ಡವರು ಊರಿಗೆ ಬರುವವರಿದ್ದರು. ಸಂಜೆ ಹೋಗಿ ನೋಡಿದರೆ ಕಟ್ಟೆ ತೊಳೆದು ಸ್ವಚ್ಛವಾಗಿತ್ತು. ಕೌದಿಗಳಿಲ್ಲ, ತಟ್ಟೆಗಳಿಲ್ಲ, ಜನ ಇಲ್ಲ. ಮೂಗಿಗೆ ಹೊಡೆಯುವ ಫಿನಾಯಿಲ್ ವಾಸನೆ ಮಾತ್ರ. ಎದುರಿನ ಚಹಾದಂಗಡಿಯವನು ನನ್ನ ಕಣ್ಣು ತಪ್ಪಿಸಿದ.

“ಮಧ್ಯಾಹ್ನ ಒಂದು ಲಾರಿ ಬಂತ್ರಿ. ತುಂಬ್ಕೊಂಡು ಹೋದ್ರು.”

“ಯಾರು?”

“ಯಾರಂತ ಕೇಳಾಕ ನಾ ಯಾರ್ರಿ? ಸಂಡೂರು ಕಡಿಗೆ ತಿರಿಗಿತು, ಅಷ್ಟ ನೋಡೀನಿ.”

“ಆ ಮುದುಕಿನ್ನೂ?”

“ಆಕಿನ್ನೂ. ದನಾ ಎತ್ತಿ ಹಾಕ್ದಂಗ ಹಾಕಿದ್ರು.”

ಮೈಯೆಲ್ಲ ಉರಿದುಹೋಯಿತು. ಗೊತ್ತಿದ್ದ ಇಬ್ಬರು ಸಾಹೇಬರಿಗೆ ಫೋನ್ ಮಾಡಿದೆ. ಒಬ್ಬರು ಎತ್ತಲಿಲ್ಲ. ಇನ್ನೊಬ್ಬರು ‘ಬೆಳಗ್ಗೆ ನೋಡೋಣ’ ಅಂದರು. ಸಂಡೂರಿನ ಗುಡ್ಡದ ಚಳಿಯಲ್ಲಿ ಬಿಟ್ಟರೆ ಹುಲಿಗೆವ್ವನ ಎದೆ ಬೆಳಗಿನವರೆಗೆ ತಡೆಯುವುದಿಲ್ಲ. ಬೈಕ್ ಹತ್ತಿದೆ.

ಸಂಡೂರು ರಸ್ತೆಯನ್ನು ಎರಡು ಸಲ ಹೋಗಿ ಬಂದೆ. ಬೈಕಿನ ಬೆಳಕಿನಲ್ಲಿ ಕೆಂಪು ದೂಳು ಬಿಟ್ಟರೆ ಏನೂ ಕಾಣಲಿಲ್ಲ. ಒಂದು ತಿರುವಿನಲ್ಲಿ ಸೋತು ಇಂಜಿನ್ ಆರಿಸಿದೆ. ಜೀರುಂಡೆಯ ಸದ್ದೂ ಇಲ್ಲ...

ಆಗ ಫಿನಾಯಿಲ್ ವಾಸನೆ ಬಂತು. ಗುಡ್ಡದ ನಡುವೆ.

“ಪೇಟಿ ಮಾಸ್ತರಾ...”

ಎಡಕ್ಕೆ, ಕೆಳಗಿನಿಂದ. ಐದನೇ ಕಪ್ಪು. ಕೊನೆಗೆ ಒಡೆದ ಅದೇ ದನಿ.

“ಓ! ಹುಲಿಗೆವ್ವಾ, ಎಲ್ಲಿ ಅದೀ?”

ಮೊಬೈಲಿನ ಬೆಳಕು ಹಿಡಿದು ಮಣ್ಣಿನ ದಾರಿಗೆ ಇಳಿದೆ. ಮತ್ತೆ ಕರೆದಳು. ನಾನು ನಡೆದಷ್ಟೂ ಕರೆ ಮುಂದಕ್ಕೆ ಸರಿಯುತ್ತಿತ್ತು. ನಾಲ್ಕನೇ ಸಲಕ್ಕೆ ನನ್ನ ಕಾಲು ನಿಂತುಹೋಯಿತು... ಮೂರು ತಿಂಗಳಲ್ಲಿ ಒಂದು ದಿನವೂ ಅವಳು ಹೀಗೆ ಕೆಮ್ಮದೆ ಕರೆದವಳಲ್ಲ.

ಮುಂದೆ ಪಾಳುಬಿದ್ದ ಕೊಠಡಿ ಕಂಡಿತು. ಹಿಂದೆ ಅದಿರು ಲಾರಿಗಳನ್ನು ತೂಗುತ್ತಿದ್ದ ಜಾಗ. ಒಳಗೆ ಒಬ್ಬರಿಗೊಬ್ಬರು ಒತ್ತಿಕೊಂಡು ಕಟ್ಟೆಯ ಜನ ಕೂತಿದ್ದರು. ಹಮಾಲಿ ಕೆಲಸ ಮಾಡುತ್ತಾ ಕಾಲು ಕಳೆದುಕೊಂಡ ದುರುಗಪ್ಪ ನನ್ನ ಗುರುತು ಹಿಡಿದ.

“ಮಾಸ್ತರ, ನಾವು ಇಲ್ಲಿ ಅದೀವಂತ ಯಾರು ಹೇಳಿದ್ರು ನಿಮಗ?”

“ಹುಲಿಗೆವ್ವ ಕರದ್ಲಲ್ಲೋ. ಎಲ್ಲಿ ಆಕಿ?”

ದುರುಗಪ್ಪ ಮೂಲೆಯ ಕಡೆ ಕೈ ಮಾಡಿದ. ಅವನ ಕಂಬಳಿ ಹೊದ್ದು ಯಾರೋ ಮಲಗಿದ್ದರು.

“ಲಾರಿಯಾಗ ಹೋಗಿಬಿಟ್ಲ್ರಿ. ಇನ್ನಾ ಬಿಸಿಲಿತ್ತು. ಕಟ್ಟಿ ತೊಳೆಯೋವಾಗ ನಮ್ಮ ಮ್ಯಾಲೂ ಫಿನಾಯಿಲ್ ಹೊಯ್ದಿದ್ರು, ಆ ವಾಸ್ನಿಗೆ ಕೆಮ್ಮು ನಿಲ್ಲಲೇ ಇಲ್ಲ ಆಕಿಗೆ.”

ಪಾದ ಮುಟ್ಟಿದೆ. ಮರದ ಹಾಗೆ ಬಿಗಿದಿತ್ತು. ಸೀರೆಯಲ್ಲಿ ಫಿನಾಯಿಲ್ ವಾಸನೆ.

ಅಷ್ಟರಲ್ಲಿ ಹೊರಗೆ, ನಾನು ಬಂದ ದಾರಿಯಲ್ಲಿ... “ಪೇಟಿ ಮಾಸ್ತರಾ...”

ದುರುಗಪ್ಪ ನನ್ನ ಕೈ ಹಿಡಿದುಕೊಂಡ. ಅವನಿಗೂ ಕೇಳಿಸಿತ್ತು. “ಓ ಅನ್ನಬ್ಯಾಡ್ರಿ,” ಅಂದ ಪಿಸುದನಿಯಲ್ಲಿ.

“ಆಗಲೇ ಅಂದೀನಿ,” ಅಂದೆ.

ಬೆಳಕು ಹರಿದ ಮೇಲೆ ಹಾಲಿನ ಗಾಡಿಯವನೊಬ್ಬ ಎಲ್ಲರನ್ನೂ, ಅವಳನ್ನೂ, ಹೊಸಪೇಟೆಗೆ ತಂದ. ನಾವೇ ಮಣ್ಣು ಮಾಡಿದೆವು. ನಡೆದದ್ದೆಲ್ಲ ಬರೆದು ಸಂಪಾದಕರ ಮೇಜಿನ ಮೇಲಿಟ್ಟೆ. ಅವರು ಓದಿ ಕನ್ನಡಕ ತೆಗೆದರು.

“ದೆವ್ವದ್ದು ಮಸ್ತ್ ಬಂದೈತಿ ಮಾಸ್ತರ. ಅದನ್ನ ಹಾಕೋಣು. ಲಾರಿದು ಬ್ಯಾಡ.”

ಅಲ್ಲಿಗೆ ಆ ಪತ್ರಿಕೆ ಬಿಟ್ಟೆ. ಈಗಲೂ ಈ ಕಥೆ ಕೇಳಿದವರೆಲ್ಲ ದನಿ ಹೇಗಿತ್ತು, ಬೆನ್ನು ಹತ್ತಿತಾ, ತಾಯಿತ ಕಟ್ಟಿಸಿಕೊಂಡಿರಾ ಅಂತ ಕೇಳುತ್ತಾರೆ. ಲಾರಿ ಯಾರದು ಅಂತ ಇವತ್ತಿನವರೆಗೆ ಒಬ್ಬನೂ ಕೇಳಿಲ್ಲ. ಉಸಿರಿದ್ದ ಮುದುಕಿಯನ್ನು ಎತ್ತಿ ಬಿಸಾಕಿದವರು ಸುಖವಾಗಿ ಮಲಗುತ್ತಿದ್ದಾರೆ. ಅವರ ಬಾಗಿಲಲ್ಲಿ ನಿಂತು ಯಾಕೆ ಕರೆಯಲಿಲ್ಲ ಅವಳು? ನನ್ನನ್ನೇ ಯಾಕೆ ಕರೆದಳು?

ಉಳಿದ ಐವರು ಮತ್ತೆ ಅದೇ ಕಟ್ಟೆಗೆ ಬಂದಿದ್ದಾರೆ. ಮೊನ್ನೆ ರಾತ್ರಿ ಹೋಗಿದ್ದೆ. ಚಳಿಗೆ ಎಲ್ಲರೂ ಮುದುರಿಕೊಂಡಿದ್ದರೂ ನಡುವೆ ಒಬ್ಬರು ಮಲಗುವಷ್ಟು ಜಾಗ ಬಿಟ್ಟಿದ್ದರು.

“ಹತ್ರ ಸರ್ಕೊಂಡು ಮಲಗ್ರೋ,” ಅಂದೆ. ಯಾರೂ ಅಲುಗಲಿಲ್ಲ.

ಬಗ್ಗಿ ಆ ಖಾಲಿ ಕಲ್ಲಿನ ಮೇಲೆ ಕೈ ಇಟ್ಟೆ. ಅಕ್ಕಪಕ್ಕದ ಕಲ್ಲು ಮಂಜುಗಡ್ಡೆಯಂತಿತ್ತು. ಅದೊಂದು ಬೆಚ್ಚಗಿತ್ತು...

ದುರುಗಪ್ಪ ಕಣ್ಣು ತೆರೆಯದೆ ಮೆಲ್ಲಗೆ ಅಂದ:

“ಕೈ ತಗೀರಿ ಮಾಸ್ತರ. ಈಗ ಜರಾ ನಿದ್ದಿ ಹತ್ತೈತಿ ಆಕಿಗೆ.”